ದೊಡ್ಡವರ ಮಾತು, ತಾಲ್ಲೂಕಿನ ಪಟ್ಟಿ

ರಾಯಚೂರಿನ ಓದುಗ ಮಿತ್ರರೇ,

ಸಾಹಿತಿ ಶಿವರಾಮ ಕಾರಂತರಂಥವರು ಬಾಯಿ ಬಿಟ್ಟರೆ ಸರ್ಕಾರ ನಡುಗುತ್ತಿತ್ತು, ಈಗಿನ ಬುದ್ಧಿಜೀವಿಗಳು ಟೀವಿ ಚರ್ಚೆ, ಅಕಾಡೆಮಿ ಕುರ್ಚಿಗೇ ಮುಗಿದುಹೋದರು ಅಂತ ಸಿಟ್ಟಿನಿಂದ ಬರೆದಿದ್ದೀರಿ. ಎರಡನೇ ಮಾತನ್ನು ಅರ್ಧ ಒಪ್ಪುತ್ತೇನೆ. ಮೊದಲನೆಯದನ್ನು ಒಪ್ಪುವುದಿಲ್ಲ. ಕೈಗಾ ಅಣುಸ್ಥಾವರ ಬೇಡ ಅಂತ ಕಾರಂತರು 1989ರಲ್ಲಿ ಲೋಕಸಭೆ ಚುನಾವಣೆಗೇ ನಿಂತರು. ಸೋತರು. 2000ದ ಹೊತ್ತಿಗೆ ಕೈಗಾದಲ್ಲಿ ಕರೆಂಟು ಬರುತ್ತಿತ್ತು. ಯಾರೂ ನಡುಗಲಿಲ್ಲ, ಅಲ್ವಾ?

ಇನ್ನು ಪ್ರೊ. ಡಿ.ಎಂ. ನಂಜುಂಡಪ್ಪನವರನ್ನು ನೋಡಿ. ಅರ್ಥಶಾಸ್ತ್ರಜ್ಞರು, ರಾಜ್ಯ ಯೋಜನಾ ಮಂಡಳಿಯಲ್ಲಿ ಕೂತವರು. 'ಸರ್ಕಾರದ ಮನುಷ್ಯ' ಅಂತ ನೀವು ಪಕ್ಕಕ್ಕಿಟ್ಟುಬಿಡಬಹುದು. ಪ್ರಾದೇಶಿಕ ಅಸಮತೋಲನದ ಬಗ್ಗೆ ಅವರ ಸಮಿತಿ 2002ರಲ್ಲಿ ಕೊಟ್ಟ ವರದಿಯಲ್ಲಿ ಆಗಿನ 175 ತಾಲ್ಲೂಕುಗಳನ್ನೂ ನೀರಾವರಿ, ರಸ್ತೆ, ಬ್ಯಾಂಕು, ಆಸ್ಪತ್ರೆ, ಸಾಕ್ಷರತೆ ಹೀಗೆ 35 ಅಳತೆಗಳಲ್ಲಿ ಅಳೆದು ನಂಬರ್ ಕೊಟ್ಟಿದ್ದಾರೆ. 1 ಅಂದರೆ ರಾಜ್ಯದ ಸರಾಸರಿ. ನಿಮ್ಮ ದೇವದುರ್ಗಕ್ಕೆ ಸಿಕ್ಕಿದ್ದು 0.53, ಎಲ್ಲಕ್ಕಿಂತ ಕೆಳಗೆ. ಒಟ್ಟು 114 ತಾಲ್ಲೂಕು ಹಿಂದುಳಿದವು, ಅದರಲ್ಲಿ 39 ಅತ್ಯಂತ ಹಿಂದುಳಿದವು. (ಈ 39ರಲ್ಲಿ 13 ದಕ್ಷಿಣ ಕರ್ನಾಟಕದವು. ಇದನ್ನು ಉತ್ತರ, ದಕ್ಷಿಣ ಎರಡೂ ಕಡೆಯವರು ಜಾಣತನದಿಂದ ಮರೆಯುತ್ತಾರೆ.) 8 ವರ್ಷದಲ್ಲಿ 31,000 ಕೋಟಿ ರೂಪಾಯಿ ಖರ್ಚು ಮಾಡಿ ಅಂತಲೂ ಹೇಳಿದರು.

ಹೇಳಿದ ಹೊತ್ತಿಗೆ ಕೆಲಸ ಆಗಲಿಲ್ಲ, ನಿಮಗೇ ಗೊತ್ತು. ಆದರೂ ಶಾಸಕರು ಸದನದಲ್ಲಿ, ಹೋರಾಟಗಾರರು ಧರಣಿ ಟೆಂಟಿನಲ್ಲಿ ಇವತ್ತಿಗೂ 'ನಂಜುಂಡಪ್ಪ ವರದಿ ಪ್ರಕಾರ' ಅಂತಲೇ ಮಾತು ಶುರು ಮಾಡುತ್ತಾರೆ. ಹೈದರಾಬಾದ್ ಕರ್ನಾಟಕಕ್ಕೆ ಸಂವಿಧಾನದ 371ಜೆ ವಿಧಿಯ ವಿಶೇಷ ಸ್ಥಾನಮಾನ ಕೇಳುವಾಗಲೂ ಇದೇ ಅಂಕಿಗಳು ಕೈಯಲ್ಲಿದ್ದವು. ಪುಸ್ತಕ ಓದದವರಿಗೂ ವಾದಕ್ಕೆ ಒಂದು ಆಧಾರ ಸಿಕ್ಕಿತು, ಅದು ಸಣ್ಣ ಕೆಲಸವೇ?

ನನ್ನ ತಕರಾರು ಇರುವುದು ಈಗಿನ ಪದ್ಧತಿಯ ಬಗ್ಗೆ. ಇಂಥ ಕೆಲಸ ಜಾಸ್ತಿ ಕನ್ಸಲ್ಟೆನ್ಸಿ ಕಂಪನಿಗಳಿಗೆ ಹೋಗುತ್ತಿದೆ. ಅವರ ವರದಿ ಇಂಗ್ಲಿಷಿನಲ್ಲಿ, ಸ್ಲೈಡುಗಳಲ್ಲಿ ಹುಟ್ಟಿ ಇಲಾಖೆಯ ಒಳಗೇ ಉಳಿಯುತ್ತದೆ, ಜಗಳ ಆಡೋಣ ಅಂದರೂ ನಮ್ಮ ಕೈಗೆ ಸಿಗುವುದಿಲ್ಲ. ಸಾಹಿತಿಗಳೆಲ್ಲ ಸಹಿ ಹಾಕಿದ ಹೇಳಿಕೆ ಪೇಪರಿನಲ್ಲಿ ಸಿಗುತ್ತದೆ, ಆದರೆ ಅದರಲ್ಲಿ ಒಂದು ಅಂಕಿಯೂ ಇರುವುದಿಲ್ಲ.

ತಾಲ್ಲೂಕುಗಳು ಈಗ 230 ದಾಟಿವೆ, ಹಳೇ ಪಟ್ಟಿ ಸಾಲದು. 2024ರಲ್ಲಿ ಸರ್ಕಾರ ಪ್ರೊ. ಎಂ. ಗೋವಿಂದರಾವ್ ಅಧ್ಯಕ್ಷತೆಯಲ್ಲಿ ಮತ್ತೆ ಇದೇ ಕೆಲಸಕ್ಕೆ ಸಮಿತಿ ಮಾಡಿತು. ಯಾವ ಸಾಹಿತಿ ಸುಮ್ನಿದ್ದಾರೆ ಅಂತ ಲೆಕ್ಕ ಹಾಕುವ ಬದಲು ಇದರ ಬೆನ್ನು ಹತ್ತಿ. ದೇವದುರ್ಗ ಈಗ ಎಲ್ಲಿದೆ, ಯಾವ ಅಳತೆಯಲ್ಲಿ ಏರಿದೆ, ಯಾವುದರಲ್ಲಿ ಇಳಿದಿದೆ, ಕನ್ನಡದಲ್ಲಿ ಕೊಡಿ ಅಂತ ಕೇಳಿ. ನಿಮ್ಮೂರಿನ ಮೇಷ್ಟ್ರು, ವಕೀಲರನ್ನೂ ಕೂರಿಸಿಕೊಂಡು ಓದಿ, ತಪ್ಪು ಕಂಡರೆ ಬರೆದು ಕಳಿಸಿ. ಎರಡು ಪುಟ ಬಿಟ್ಟುಕೊಡುತ್ತೇನೆ.

– ಸಂಪಾದಕ