27 ಸೆಕೆಂಡ್ ಮುಂದಿದೆ ಅಂತ ಗಡಿಯಾರಕ್ಕೆ ಕೈ ಹಾಕಬೇಡಿ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ಪ್ರಶ್ನೆ. ಬೀದರ್‌ನಿಂದಲೂ ಅದೇ, ಯಾದಗಿರಿಯಿಂದಲೂ ಅದೇ, ಹೈದರಾಬಾದಿಗೆ ಹೋಗಿ ಕೆಲಸ ಹಿಡಿದ ಕಲಬುರಗಿ ಹುಡುಗರದ್ದೂ ಅದೇ: ಮೇನ್‌ಫ್ರೇಮ್ (ಬ್ಯಾಂಕಿನಂಥ ಕಡೆ ಲೆಕ್ಕ ನಡೆಸುವ ದೊಡ್ಡ ಕಂಪ್ಯೂಟರ್) ಟೈಮ್ ತಪ್ಪು ತೋರಿಸುತ್ತಿದೆ, ಏನು ಮಾಡೋದು? ಹಾಗಾಗಿ ಈ ವಾರದ ಜಾಗವೆಲ್ಲ ಅದಕ್ಕೇ. ಒಟ್ಟಿಗೆ ದುಡಿಯುವ ಮೇನ್‌ಫ್ರೇಮ್ ಗುಂಪಿಗೆ ಸಿಸ್‌ಪ್ಲೆಕ್ಸ್ ಅನ್ನುತ್ತಾರೆ; ಅದಕ್ಕಿಂತ ಹೆಚ್ಚು ಕೇಳುವವರು ದಯವಿಟ್ಟು ಓದಿಕೊಂಡು ಬನ್ನಿ.

ಪ್ರಶ್ನೆ (ಬೀದರ್): ಒಂದು ಬ್ಯಾಂಕಿನ ಮೇನ್‌ಫ್ರೇಮ್ ಸಪೋರ್ಟಿನಲ್ಲಿದ್ದೇನೆ. ರಾತ್ರಿ ಪಾಳಿ, ಮನೆಯಿಂದಲೇ ಕೆಲಸ. ನಮ್ಮ ಒಂದು ರಿಪೋರ್ಟಿನ ಸಮಯ ಮೊಬೈಲ್ ಆ್ಯಪ್‌ನ ಲಾಗ್‌ಗಿಂತ ಯಾವಾಗಲೂ 27 ಸೆಕೆಂಡ್ ಮುಂದಿರುತ್ತದೆ. 'ಸೆಟ್ ಕ್ಲಾಕ್' ಕಮಾಂಡ್ ಕೊಟ್ಟು ಗಡಿಯಾರ ಹಿಂದಕ್ಕೆ ಹಾಕು ಅಂತಾರೆ ಸೀನಿಯರ್. ಹಾಕಲೇ ಸರ್?

ಉತ್ತರ: ಬೇಡ. ನಿಮ್ಮ ಸೀನಿಯರ್ ಕೈಗೂ ಕನ್ಸೋಲ್ ಕೊಡಬೇಡಿ.

27 ಅಂತ ಕಂಡ ಕೂಡಲೇ ಅನುಮಾನ ಬರಬೇಕಿತ್ತು. ಕೆಟ್ಟ ಗಡಿಯಾರ ಒಂದೇ ಲೆಕ್ಕದಲ್ಲಿ ತಪ್ಪುವುದಿಲ್ಲ, ದಿನ ಕಳೆದಂತೆ ಇನ್ನಷ್ಟು ಸರಿಯುತ್ತಾ ಹೋಗುತ್ತದೆ. ಕೂದಲೆಳೆ ಆಚೀಚೆ ಆಗದೆ 27ರಲ್ಲೇ ನಿಂತಿದೆ ಅಂದರೆ ಅದು ಲೀಪ್ ಸೆಕೆಂಡ್: ಭೂಮಿ ತಿರುಗುವ ಲೆಕ್ಕಕ್ಕೆ ಗಡಿಯಾರ ಹೊಂದಲಿ ಅಂತ ಆಗೀಗ ಸೇರಿಸುವ ಸೆಕೆಂಡ್. 1972ರಿಂದ ಇಲ್ಲಿಯವರೆಗೆ ಯುಟಿಸಿಗೆ (ಜಗತ್ತಿಗೆಲ್ಲ ಆಧಾರವಾದ ಸಮಯ) ಸೇರಿಸಿದ್ದು ಒಟ್ಟು 27. ಕೊನೆಯದು ಸೇರಿದ್ದು 2016ರ ಡಿಸೆಂಬರ್ 31ರ ಮಧ್ಯರಾತ್ರಿ. ನಮಗಾಗ ಹೊಸ ವರ್ಷದ ಬೆಳಗಿನ 5.30.

ಮೇನ್‌ಫ್ರೇಮ್ ಒಳಗಿನ ಟಿಒಡಿ (ಟೈಮ್ ಆಫ್ ಡೇ) ಗಡಿಯಾರ 1900ರ ಜನವರಿ 1ರಿಂದ ಎಣಿಸುತ್ತದೆ. ನಿಮ್ಮ ಸೈಟಿನಲ್ಲಿ ಲೀಪ್ ಸೆಕೆಂಡ್ ಲೆಕ್ಕ ಇಟ್ಟಿದ್ದರೆ ಆ 27 ಅದರೊಳಗೇ ಸೇರಿರುತ್ತದೆ. ಪ್ರೋಗ್ರಾಂ ಟೈಮ್ ಮ್ಯಾಕ್ರೋ (ಸಮಯ ಕೇಳುವ ಸಿದ್ಧ ಕೋಡ್) ಮೂಲಕ ಕೇಳಿದರೆ ಝೆಡ್/ಓಎಸ್ ಎಂಬ ಆಪರೇಟಿಂಗ್ ಸಿಸ್ಟಮ್ ಅದನ್ನು ಕಳೆದು, ಐದೂವರೆ ಗಂಟೆ ಕೂಡಿಸಿ ಕೊಡುತ್ತದೆ. ನಿಮ್ಮ ರಿಪೋರ್ಟ್ ಬರೆದ ಪುಣ್ಯಾತ್ಮ ಎಸ್‌ಟಿಸಿಕೆ ಎಂಬ ಯಂತ್ರದ ಆದೇಶದಿಂದ ನೇರವಾಗಿ ಆ ಗಡಿಯಾರ ಓದಿದ್ದಾನೆ. ಸಿವಿಟಿಎಲ್‌ಡಿಟಿಒ (ಐದೂವರೆ ಗಂಟೆ ಇರುವ ಜಾಗ) ಕೂಡಿಸಿದ್ದಾನೆ, ಸಿವಿಟಿಎಲ್‌ಎಸ್‌ಒ (ಲೀಪ್ ಸೆಕೆಂಡ್ ಇರುವ ಜಾಗ) ಕಳೆಯುವುದನ್ನು ಬಿಟ್ಟಿದ್ದಾನೆ. ಎಸ್‌ಟಿಸಿಕೆ-ಕನ್ವ್ ಹಾಕಿದ್ದೇವಲ್ಲ ಅನ್ನಬೇಡಿ. ಅದು ಅಂಕಿಯನ್ನು ಓದುವ ರೂಪಕ್ಕೆ ತರುತ್ತದೆ, ಅಷ್ಟೇ. ಕಳೆಯುವುದು ನಿಮ್ಮ ಕೆಲಸ.

ನಂಬಿಕೆ ಬರಲಿಲ್ಲವೇ? ಅದೇ ಹೊತ್ತಿನ ಸಿಸ್‌ಲಾಗ್ (ಸಿಸ್ಟಮ್ ತಾನೇ ಬರೆಯುವ ಲಾಗ್) ತೆಗೆದು ರಿಪೋರ್ಟಿನ ಪಕ್ಕ ಇಟ್ಟು ನೋಡಿ. ಸಿಸ್‌ಲಾಗ್ ಆ್ಯಪ್‌ಗೆ ಹೊಂದಿದರೆ ಗಡಿಯಾರ ಗಟ್ಟಿಯಾಗಿದೆ, ಪ್ರೋಗ್ರಾಂ ಕೆಟ್ಟಿದೆ. ಆಮೇಲೆ ಗಡಿಯಾರದ ಸ್ಥಿತಿ ತೋರಿಸುವ 'ಡಿ ಇಟಿಆರ್' ಕಮಾಂಡ್ ಕೊಡಿ. 'ಸಿಂಕ್ರನೈಸೇಷನ್ ಮೋಡ್' ಎದುರಿಗೆ ಎಸ್‌ಟಿಪಿ (ಮೇನ್‌ಫ್ರೇಮ್‌ಗಳ ಗಡಿಯಾರಗಳನ್ನು ಹೊಂದಿಸಿಡುವ ವ್ಯವಸ್ಥೆ) ಅಂತ ಬರಬೇಕು. ಅದರ ಕೆಳಗೆ ಸ್ಟ್ರ್ಯಾಟಮ್ (ಮೂಲ ಗಡಿಯಾರದಿಂದ ಎಷ್ಟನೇ ಹಂತ) ಎಷ್ಟು, ಬಳಸಬಹುದಾದ ಟೈಮಿಂಗ್ ಲಿಂಕ್ ಎಷ್ಟು ಅಂತ ಇರುತ್ತದೆ. ಎಸ್‌ಟಿಪಿ ಬದಲು 'ಲೋಕಲ್' ಅಂತ ಬಂದರೆ ಹಾರ್ಡ್‌ವೇರ್ ತಂಡವನ್ನು ನಿದ್ದೆಯಿಂದ ಎಬ್ಬಿಸಿ, ಬೈದರೂ ಪರವಾಗಿಲ್ಲ.

ಇನ್ನು 'ಸೆಟ್ ಕ್ಲಾಕ್'. ಅದು ಮುಟ್ಟುವುದು ಲೋಕಲ್ ಟೈಮ್ ಮಾತ್ರ, ಟಿಒಡಿಯನ್ನಲ್ಲ. ಆ ಕಮಾಂಡ್ ನಡೆದರೆ ಒಂದು ರಿಪೋರ್ಟ್ ಸರಿಹೋಗಿ, ಸರಿಯಿದ್ದ ಉಳಿದದ್ದೆಲ್ಲ 27 ಸೆಕೆಂಡ್ ಹಿಂದೆ ಬೀಳುತ್ತದೆ. ಬೇಕಾ ಇದು? ಹೈದರಾಬಾದಿನ ಕೋಚಿಂಗ್ ಅಡ್ಡೆ ಅಮೀರ್‌ಪೇಟೆಯ ಜೆರಾಕ್ಸ್ ನೋಟ್ಸ್ ಹಿಡಿದು ಬರುವವರು ಇನ್ನೊಂದು ಹೇಳುತ್ತಾರೆ: ಎಚ್‌ಎಂಸಿಯಲ್ಲಿ (ಹಾರ್ಡ್‌ವೇರ್ ನಿಯಂತ್ರಿಸುವ ಕನ್ಸೋಲ್) ಲೀಪ್ ಸೆಕೆಂಡ್ ಆಫ್‌ಸೆಟ್ ಸೊನ್ನೆ ಮಾಡಿಬಿಡಿ, ಮುಗೀತು. ಮುಗಿಯುವುದು ನಿಮ್ಮ ನೌಕರಿ. ಆ ಆಫ್‌ಸೆಟ್ ಇಡೀ ಟೈಮಿಂಗ್ ನೆಟ್‌ವರ್ಕಿನದು, ನಿಮ್ಮ ರಿಪೋರ್ಟಿನದಲ್ಲ.

ಟಿಒಡಿಯೇ ನಿಜವಾಗಿ ಮುಂದೆ ಓಡಿದ್ದರೆ? ಆಗಲೂ ಹಿಂದಕ್ಕೆ ಎಳೆಯಬಾರದು. ಡಿಬಿ2 ಡೇಟಾ ಶೇರಿಂಗಿನಲ್ಲಿ (ಹಲವು ಸಿಸ್ಟಮ್‌ಗಳು ಒಂದೇ ಡೇಟಾಬೇಸ್ ಹಂಚಿಕೊಳ್ಳುವಾಗ) ಯಾವ ಬದಲಾವಣೆ ಮೊದಲು, ಯಾವುದು ಆಮೇಲೆ ಅಂತ ಹೇಳುವುದು ಎಲ್‌ಆರ್‌ಎಸ್‌ಎನ್ ಎಂಬ ಸಂಖ್ಯೆ. ಅದು ಹುಟ್ಟುವುದೇ ಟಿಒಡಿಯಿಂದ. ಗಡಿಯಾರ ಹಿಂದೆ ಹೋದರೆ ಆಮೇಲೆ ತೆಗೆದ ದುಡ್ಡು ಮೊದಲೇ ತೆಗೆದಂತೆ ಲಾಗಿನಲ್ಲಿ ಕೂರುತ್ತದೆ. ರಿಕವರಿ ಮಾಡುವ ದಿನ ಅದರ ರುಚಿ ಗೊತ್ತಾಗುತ್ತದೆ. ಅದಕ್ಕೇ ಎಸ್‌ಟಿಪಿ ಗಡಿಯಾರವನ್ನು ಒಂಚೂರು ನಿಧಾನ ಮಾಡಿ ಸರಿದಾರಿಗೆ ತರುತ್ತದೆ. ಒಂದು ಸೆಕೆಂಡ್ ಸರಿಹೋಗಲು ಸುಮಾರು 7 ಗಂಟೆ. 27 ಸೆಕೆಂಡಿಗೆ ಹೆಚ್ಚುಕಡಿಮೆ ಎಂಟು ದಿನ. 60 ಸೆಕೆಂಡ್‌ವರೆಗಿನ ವ್ಯತ್ಯಾಸಕ್ಕೆ ಈ ದಾರಿ ಇದೆ. ಎಂಟು ದಿನ ಜಾಸ್ತಿ ಆಯಿತು ಅನ್ನುವ ಮ್ಯಾನೇಜರ್‌ಗೆ ಸುಮ್ನೆ ಈ ಲೆಕ್ಕ ತೋರಿಸಿ. ನಾನಾದರೆ ಮಾರ್ಚ್ ಕೊನೆಯಲ್ಲಿ ಈ ಕೆಲಸವನ್ನೂ ಶುರು ಮಾಡುವುದಿಲ್ಲ. ಪುಕ್ಕಲ ಅನ್ನಿ ಬೇಕಾದರೆ.

ಪ್ರಶ್ನೆ (ಯಾದಗಿರಿ): ನಮ್ಮ ಬ್ರಾಂಚಿನಲ್ಲಿ ಕರೆಂಟ್ ಹೋದಾಗ ಮೇನ್‌ಫ್ರೇಮ್ ಟೈಮ್ ತಪ್ಪುತ್ತದೆಯೇ?

ಉತ್ತರ: ಮೇನ್‌ಫ್ರೇಮ್ ಇರುವುದು ಡೇಟಾ ಸೆಂಟರಿನಲ್ಲಿ, ನಿಮ್ಮ ಬ್ರಾಂಚಿನಲ್ಲಿ ಅಲ್ಲ ರೀ.

ಪ್ರಶ್ನೆ (ಕಲಬುರಗಿ): ಇಂಟರ್‌ನೆಟ್ಟಿನಲ್ಲಿ ಸಿಗುವ ಯಾವುದೋ ಒಂದು ಎನ್‌ಟಿಪಿ ಸರ್ವರ್ (ಸಮಯ ಕೊಡುವ ಸರ್ವರ್) ಹಾಕಿದರೆ ನಡೆಯುತ್ತಲ್ವಾ?

ಉತ್ತರ: ಇಲ್ಲ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲೇ ನಿರ್ದೇಶನ ಕೊಟ್ಟಿದೆ: ಎನ್‌ಐಸಿ (ರಾಷ್ಟ್ರೀಯ ಮಾಹಿತಿ ಕೇಂದ್ರ) ಅಥವಾ ಎನ್‌ಪಿಎಲ್ (ರಾಷ್ಟ್ರೀಯ ಭೌತ ಪ್ರಯೋಗಾಲಯ) ಸರ್ವರ್, ಇಲ್ಲವೇ ಅವುಗಳಿಗೆ ತಾಳೆಯಾಗುವ ಸರ್ವರ್.

ಪ್ರಶ್ನೆ (ಕಲಬುರಗಿ): ನಮ್ಮೂರಲ್ಲಿ ಸೂರ್ಯ ನೆತ್ತಿಗೆ ಬರುವುದು ಸುಮಾರು 12.20ಕ್ಕೆ. ಟೈಮ್‌ಝೋನಿನಲ್ಲಿ ಅದನ್ನು ಸೇರಿಸಬೇಕೇ?

ಉತ್ತರ: ಪಂಚಾಂಗ ಬೇರೆ, ಸಿಸ್ಟಮ್ ಸೆಟ್ಟಿಂಗ್ ಇಡುವ ಪಾರ್ಮ್‌ಲಿಬ್ ಬೇರೆ. ದೇಶಕ್ಕೆಲ್ಲ 82.5 ಡಿಗ್ರಿ ರೇಖಾಂಶದ ಟೈಮೇ. ಇ.05.30.00 ಅಂತ ಹಾಕಿ, ಬಿಡಿ.

ಪ್ರಶ್ನೆ (ಬೀದರ್): 2042ರಲ್ಲಿ ಮೇನ್‌ಫ್ರೇಮ್ ಗಡಿಯಾರ ನಿಂತೇ ಹೋಗುತ್ತದಂತೆ, ಹೌದೇ?

ಉತ್ತರ: ಯೂಟ್ಯೂಬ್ ಕಡಿಮೆ ನೋಡಿ. 64 ಬಿಟ್‌ನ ಹಳೆ ಎಣಿಕೆ 2042ರ ಸೆಪ್ಟೆಂಬರ್ 17ಕ್ಕೆ ತುಂಬಿ ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ, ಯುಟಿಸಿ ಲೆಕ್ಕದಲ್ಲಿ. ಅದಕ್ಕೆಂದೇ ಇನ್ನೂ ದೊಡ್ಡ ಎಣಿಕೆ ಕೊಡುವ ಎಸ್‌ಟಿಸಿಕೆಇ ಬಂದು ಎಷ್ಟೋ ಕಾಲವಾಯಿತು. ಆ 64 ಬಿಟ್‌ನ, ಅಂದರೆ 8 ಬೈಟ್‌ನ ಅಂಕಿಯನ್ನು ಫೈಲಿನಲ್ಲಿ ಬರೆದಿಡುವ ಹಳೆ ಪ್ರೋಗ್ರಾಂಗಳು ನಿಮ್ಮಲ್ಲಿ ಯಾವ್ಯಾವು ಇವೆ ಅಂತ ಒಂದು ಪಟ್ಟಿ ಮಾಡಿಡಿ.