ಬಿಗಿ ಕಾವಲಿನ ಬೆಲೆ ಯಾರ ತಲೆಗೆ?

ಪ್ರಶ್ನೆ: ಮ್ಯಾನ್ಮಾರ್ ಗಡಿಗೆ ಬೇಲಿ ಹಾಕಲು 31,000 ಕೋಟಿ ರೂಪಾಯಿ ಬೇಕಂತೆ. ಇತ್ತ ನಮ್ಮ ಕಡಲಿನಲ್ಲಿಯೂ ಗುರುತಿನ ಚೀಟಿ, ತಪಾಸಣೆ ಎಂದು ನಿಯಮಗಳು ಹೆಚ್ಚುತ್ತಲೇ ಇವೆ. ಇಷ್ಟೊಂದು ಬಿಗಿ ಮಾಡುವುದರಿಂದ ಖರ್ಚಿಗೆ ತಕ್ಕ ಪ್ರಯೋಜನ ಇದೆಯೇ?
– ಆಳಸಮುದ್ರ ಬೋಟಿನ ಮಾಲೀಕರೊಬ್ಬರು, ಮಲ್ಪೆ

ಉತ್ತರ: ಕೆಲವು ಬಗೆಯ ಕಾವಲಿಗೆ ಖಂಡಿತ ಇದೆ, ಕೆಲವಕ್ಕೆ ಅನುಮಾನ. 2008ರ ನವೆಂಬರಿನಲ್ಲಿ ಹತ್ತು ಮಂದಿ ಭಯೋತ್ಪಾದಕರು ಗುಜರಾತಿನ ‘ಕುಬೇರ್’ ಎಂಬ ಮೀನುಗಾರಿಕಾ ಬೋಟನ್ನು ನಡುಗಡಲಿನಲ್ಲಿ ವಶಪಡಿಸಿಕೊಂಡು, ಅದರಲ್ಲೇ ಮುಂಬೈಯತ್ತ ಬಂದು, 166 ಜನರ ಸಾವಿಗೆ ಕಾರಣರಾದರು. ಅಂತಹ ಒಂದೇ ಒಂದು ದಾಳಿ ತಪ್ಪಿದರೂ ಕಾವಲಿಗೆ ವರ್ಷಗಟ್ಟಲೆ ಸುರಿದ ಹಣ ಹುಟ್ಟಿದಂತೆಯೇ ಸರಿ. ತೊಡಕೆಂದರೆ, ನಡೆಯದೆ ಹೋದ ದಾಳಿಯನ್ನು ಯಾರೂ ಲೆಕ್ಕಕ್ಕೆ ಹಿಡಿಯಲಾರರು. ಆದ್ದರಿಂದ ಭದ್ರತೆಯ ಹೆಸರಿನಲ್ಲಿ ಎಂತಹ ಖರ್ಚನ್ನಾದರೂ ಸಮರ್ಥಿಸಿಕೊಳ್ಳುವುದು ಸುಲಭ. ನಿಮ್ಮ ಪ್ರಶ್ನೆ ಅಗತ್ಯವಾದದ್ದೇ.

ಪಂಜಾಬಿನ ಗಡಿಗೆ ಬೇಲಿ ಬಿದ್ದ ಮೇಲೆ ಕಾಲ್ನಡಿಗೆಯಲ್ಲಿ ನುಸುಳುವುದು ಕಷ್ಟವಾಯಿತು. ಆ ಲಾಭವನ್ನು ಅಲ್ಲಗಳೆಯಲಾಗದು. ಆದರೆ ಮಾದಕ ವಸ್ತು ಈಗ ಡ್ರೋನಿನಲ್ಲಿ ಬೇಲಿಯ ಮೇಲಿನಿಂದಲೇ ಬಂದು ಬೀಳುತ್ತಿದೆ. 2021ರ ಸೆಪ್ಟೆಂಬರಿನಲ್ಲಿ ಗುಜರಾತಿನ ಮುಂದ್ರಾ ಬಂದರಿನಲ್ಲಿ ಸಿಕ್ಕ ಸುಮಾರು 3,000 ಕಿಲೋ ಹೆರಾಯಿನ್ ಅಂತೂ ಯಾವ ಬೇಲಿಯನ್ನೂ ದಾಟಿರಲಿಲ್ಲ. ಟಾಲ್ಕ್ ಕಲ್ಲಿನ ಹೆಸರಿನಲ್ಲಿ, ಕಾಗದಪತ್ರಗಳ ಸಮೇತ, ಕಂಟೇನರಿನೊಳಗೆ ಕುಳಿತು ಬಂದಿತ್ತು. ಪಣಂಬೂರಿನಂತಹ ಬಂದರುಗಳಲ್ಲಿ ಸರಕು ತಪಾಸಣೆ ಚುರುಕಾಗುವುದು ಬೇಲಿಯಷ್ಟು ಕಣ್ಣಿಗೆ ಬೀಳುವ ಕೆಲಸವಲ್ಲ. ಬಹುಶಃ ಅದಕ್ಕೇ ಅದರ ಚರ್ಚೆಯೂ ಕಡಿಮೆ.

ಇನ್ನು ಬೇಲಿಯ ಬೆಲೆ ಪೂರ್ತಿಯಾಗಿ ಬಜೆಟ್ಟಿನಲ್ಲಿ ಕಾಣಿಸುವುದಿಲ್ಲ. ಬಾಂಗ್ಲಾದೇಶದೊಂದಿಗಿನ 1975ರ ಮಾರ್ಗಸೂಚಿಯ ಪ್ರಕಾರ ಗಡಿರೇಖೆಯಿಂದ 150 ಗಜದೊಳಗೆ ರಕ್ಷಣಾ ಸ್ವರೂಪದ ನಿರ್ಮಾಣ ಸಲ್ಲದು. ಹಾಗಾಗಿ ಬೇಲಿ ನಮ್ಮ ನೆಲದ ಒಳಗೇ ಬಂತು, ನಮ್ಮವರದೇ ಎಷ್ಟೋ ಮನೆ, ಗದ್ದೆಗಳು ಅದರ ಆಚೆ ಉಳಿದವು. ಗೇಟು ತೆರೆಯುವ ಹೊತ್ತಿಗೆ ಕಾದು ಗದ್ದೆಗೆ ಇಳಿಯುವ ರೈತನ ದಿನಗೂಲಿಯನ್ನು ಯಾವ ಸಚಿವಾಲಯವೂ ವೆಚ್ಚದ ಪಟ್ಟಿಗೆ ಸೇರಿಸುವುದಿಲ್ಲ. ಮ್ಯಾನ್ಮಾರ್ ಗಡಿಯ 1,643 ಕಿಲೋಮೀಟರಿಗೆ, ರಸ್ತೆಯೂ ಸೇರಿ, ಕಿಲೋಮೀಟರಿಗೆ ಸುಮಾರು 19 ಕೋಟಿ ರೂಪಾಯಿ ಬೀಳುತ್ತದೆ. ಅಲ್ಲಿ ನಾಗಾ, ಮಿಜೋ, ಕುಕಿ ಬಂಧುಬಳಗ ಗಡಿಯ ಎರಡೂ ಕಡೆ ಇದೆ. ಮಣಿಪುರದ ಸರ್ಕಾರ ಬೇಲಿ ಬೇಕೆಂದರೆ, ಮಿಜೋರಾಂ ಮತ್ತು ನಾಗಾಲ್ಯಾಂಡ್ ವಿಧಾನಸಭೆಗಳು 2024ರಲ್ಲಿ ಅದರ ವಿರುದ್ಧ ನಿರ್ಣಯ ಅಂಗೀಕರಿಸಿದವು. ಸ್ಥಳೀಯರ ವಿಶ್ವಾಸ ಕಳೆದುಕೊಂಡ ಗಡಿಯಲ್ಲಿ ಅಪರಿಚಿತರ ಸುಳಿವು ಕೊಡುವವರು ಯಾರು?

ಕಡಲಿಗೆ ಬೇಲಿ ಹಾಕಲಾಗದು. ಇಲ್ಲಿ ಪ್ರಶ್ನೆ ಇರುವುದು ಯಾವ ಬೋಟು ಯಾರದೆಂದು ತಿಳಿಯುವುದರಲ್ಲಿ. ಕೇಂದ್ರ ಸರ್ಕಾರ 2024ರಲ್ಲಿ ಆರಂಭಿಸಿದ ಯೋಜನೆಯಲ್ಲಿ ಒಂದು ಲಕ್ಷ ಬೋಟುಗಳಿಗೆ ಉಚಿತ ಟ್ರಾನ್ಸ್‌ಪಾಂಡರ್ (ಬೋಟು ಎಲ್ಲಿದೆ ಎಂದು ತಿಳಿಸುವ ಸಾಧನ) ಅಳವಡಿಸಲು 364 ಕೋಟಿ ರೂಪಾಯಿ ತೆಗೆದಿಡಲಾಗಿದೆ, ಅಂದರೆ ಬೋಟಿಗೆ ಸುಮಾರು 36,000 ರೂಪಾಯಿ. ಮೊಬೈಲ್ ಸಿಗದಷ್ಟು ದೂರದಲ್ಲಿಯೂ ಅದು ಉಪಗ್ರಹದ ಮೂಲಕ ಸಂದೇಶ ಕಳುಹಿಸುತ್ತದೆ, ಪಡೆಯುತ್ತದೆ. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ಬೋಟು ಏಳು ಮಂದಿಯೊಂದಿಗೆ ಕಣ್ಮರೆಯಾಗಿ, ಅದರ ಅವಶೇಷ ನೌಕಾಪಡೆಗೆ ಸಿಕ್ಕಿದ್ದು 2019ರ ಮೇ ತಿಂಗಳಿನಲ್ಲಿ ಎಂಬುದನ್ನು ನಿಮಗೆ ನೆನಪಿಸಬೇಕಾಗಿಲ್ಲ. ಕಾವಲಿನವರಿಗೂ ಕಡಲಿಗಿಳಿದವರಿಗೂ ಒಟ್ಟಿಗೆ ಉಪಯೋಗಕ್ಕೆ ಬರುವ ಇಂತಹ ಖರ್ಚಿನ ಪರವಾಗಿ ನಾನು ನಿಸ್ಸಂಕೋಚವಾಗಿ ಮಾತನಾಡುತ್ತೇನೆ.

ನಡುಗಡಲ ತಪಾಸಣೆಯ ವಿಷಯ ಬೇರೆ. ಬೋಟು ನಿಲ್ಲಿಸಿದಷ್ಟು ಹೊತ್ತು ಡೀಸೆಲ್, ಮಂಜುಗಡ್ಡೆ, ಮೀನಿನ ದರ ಎಲ್ಲವೂ ನಿಮ್ಮ ತಲೆಗೇ. ಹೊರರಾಜ್ಯಗಳಿಂದ ಬಂದ ಕಲಾಸಿಗಳಿಗೆ, ಅಂದರೆ ಬೋಟಿನ ಕೆಲಸಗಾರರಿಗೆ, ಕೆಲಸಕ್ಕೆ ಸೇರುವಾಗಲೇ ಗುರುತಿನ ಚೀಟಿ ಸಿಗುವಂತಾದರೆ, ದಾಖಲೆಗಳ ಪರಿಶೀಲನೆ ಬೋಟು ಹೊರಡುವ ಮುನ್ನ ದಕ್ಕೆಯಲ್ಲೇ ಮುಗಿದರೆ, ಈ ಹೊರೆ ಬಹಳ ಇಳಿಯುತ್ತದೆ. ನಿಮ್ಮ ಮೀನುಗಾರರ ಸಂಘ ಈ ಎರಡು ಬೇಡಿಕೆಗಳನ್ನು ಬರಹದಲ್ಲಿ, ಮಲ್ಪೆಯಲ್ಲೇ ಇರುವ ಕರಾವಳಿ ಕಾವಲು ಪೊಲೀಸ್ ಕೇಂದ್ರ ಕಚೇರಿಯ ಮುಂದಿಡಲಿ; ಮಳೆಗಾಲದ 61 ದಿನಗಳ ಮೀನುಗಾರಿಕೆ ನಿಷೇಧದ ಅವಧಿ ಅದಕ್ಕೆ ಸೂಕ್ತ ಸಮಯ.