ಸಿಲೋನಿನಿಂದ ಬಂದ ಅಜ್ಜಿ

ಪ್ರಶ್ನೆ: ನಮ್ಮ ಅಜ್ಜಿ ಹುಟ್ಟಿದ್ದು ಶ್ರೀಲಂಕಾದ ಹ್ಯಾಟನ್ ಬಳಿಯ ಚಹಾ ತೋಟದಲ್ಲಿ. ಅಲ್ಲಿ ತಮಿಳರ ವಿರುದ್ಧ ನಡೆದ 1977ರ ಗಲಭೆಯ ಮರುವರ್ಷ, ಹದಿಮೂರರ ಹುಡುಗಿಯಾಗಿದ್ದಾಗ, ಮನೆಯವರೊಂದಿಗೆ ಹಡಗಿನಲ್ಲಿ ರಾಮೇಶ್ವರಕ್ಕೆ ಬಂದು, ಕೊನೆಗೆ ಸುಳ್ಯದ ರಬ್ಬರ್ ತೋಟ ಸೇರಿದರು. ಕಾಲೇಜಿನಲ್ಲಿ ನಮ್ಮನ್ನು ನಿರಾಶ್ರಿತರು ಎನ್ನುತ್ತಾರೆ. ನಿಜವೇ? ಅಜ್ಜಿಯನ್ನು ಕೇಳಿದರೆ ಮಾತು ಬದಲಿಸುತ್ತಾರೆ.
– ಹೆಸರು ಬೇಡ, ಸುಳ್ಯ ತಾಲ್ಲೂಕು

ಉತ್ತರ: ಅಲ್ಲ. ನಿರಾಶ್ರಿತರಾಗಿದ್ದರೂ ನೀವು ತಲೆ ತಗ್ಗಿಸಬೇಕಾದದ್ದು ಏನೂ ಇರಲಿಲ್ಲ. ಆದರೆ ನಿಮ್ಮವರು ಎರಡು ದೇಶಗಳ ಒಪ್ಪಂದದ ಪ್ರಕಾರ, ಭಾರತದ ಪೌರತ್ವ ಪಡೆದು ಬಂದವರು.

ಸಿಲೋನಿನ, ಅಂದರೆ ಇಂದಿನ ಶ್ರೀಲಂಕಾದ, ಬ್ರಿಟಿಷರ ಕಾಫಿ, ಚಹಾ ತೋಟಗಳಲ್ಲಿ ದುಡಿಯಲು ಹೋದ ತಮಿಳರ ಮಕ್ಕಳು ಮೊಮ್ಮಕ್ಕಳು ಅಲ್ಲಿಯೇ ಹುಟ್ಟಿ ಬೆಳೆದಿದ್ದರು. ಸಿಲೋನಿನ 1948ರ ಪೌರತ್ವ ಕಾಯ್ದೆ ಅವರಲ್ಲಿ ಬಹುಪಾಲು ಜನರನ್ನು ಯಾವ ದೇಶಕ್ಕೂ ಸೇರದವರನ್ನಾಗಿ ಮಾಡಿತು. 1964ರ ಅಕ್ಟೋಬರ್‌ನಲ್ಲಿ ನಮ್ಮ ಪ್ರಧಾನಿ ಲಾಲ್ ಬಹದ್ದೂರ್ ಶಾಸ್ತ್ರಿ, ಸಿಲೋನಿನ ಪ್ರಧಾನಿ ಸಿರಿಮಾವೊ ಬಂಡಾರನಾಯಕೆ ಆ ಒಪ್ಪಂದಕ್ಕೆ ಸಹಿ ಹಾಕಿದರು: 5,25,000 ಮಂದಿ ಭಾರತಕ್ಕೆ, 3,00,000 ಮಂದಿ ಸಿಲೋನಿಗೆ. ತೋಟದವರನ್ನು ಒಂದು ಮಾತೂ ಕೇಳದೆ ಹೀಗೆ ಹಂಚಿಕೊಂಡದ್ದು ಅನ್ಯಾಯವೆಂದೇ ನನ್ನ ಅಭಿಪ್ರಾಯ. ನಿಮ್ಮ ಅಜ್ಜಿ ಭಾರತವನ್ನು ಕಂಡೇ ಇರಲಿಲ್ಲ. ಆ ಹುಡುಗಿಯ ಪಾಲಿಗೆ ಪರದೇಶ ಇದೇ.

ಹೀಗೆ ಬಂದವರ ಜೀವನಕ್ಕೆಂದೇ ಸುಳ್ಯ, ಪುತ್ತೂರಿನ ಕಡೆ ಸರ್ಕಾರ ರಬ್ಬರ್ ಬೆಳೆಸಿತು. ನಾನು ಅಲ್ಲಿನ ಶಾಲೆಯಲ್ಲಿ ಪಾಠ ಮಾಡುತ್ತಿದ್ದಾಗ ತಾಯಂದಿರು ಬೆಳಕು ಹರಿಯುವ ಮೊದಲೇ ಟ್ಯಾಪಿಂಗಿಗೆ, ಅಂದರೆ ಮರ ಕೊಯ್ದು ರಬ್ಬರ್ ಹಾಲು ಇಳಿಸಲು, ಹೋಗುತ್ತಿದ್ದರು, ಮಕ್ಕಳು ತಾವೇ ತಲೆ ಬಾಚಿಕೊಂಡು ಬರುತ್ತಿದ್ದರು. ಮನೆಯಲ್ಲಿ ತಮಿಳು, ಪೇಟೆಯಲ್ಲಿ ತುಳು, ನನ್ನೆದುರು ಕನ್ನಡ. ಚಹಾ ಗಿಡದಲ್ಲಿ ಎರಡು ಎಲೆ, ಒಂದು ಮೊಗ್ಗು ಎಂದು ಚಿವುಟಿ ಪಳಗಿದ ಬೆರಳುಗಳು ಇಲ್ಲಿ ಕತ್ತಿ ಹಿಡಿಯುವುದನ್ನು ಕಲಿಯಬೇಕಾಯಿತು. ತೊಗಟೆಯನ್ನು ಓರೆಯಾಗಿ, ತೆಳ್ಳಗೆ ಕೊಯ್ಯಬೇಕು. ಒಳಗಿನ ಮರಕ್ಕೆ ತಾಗಿದರೆ ಗಾಯವಾಗಿ ಗಂಟು ಕಟ್ಟುತ್ತದೆ, ಮುಂದೆ ಅಲ್ಲಿ ಕೊಯ್ಯುವುದೇ ಕಷ್ಟ. ಇಷ್ಟು ನಾಜೂಕಿನ ಕೆಲಸ ಕಲಿತು ಸಂಸಾರ ನಿಲ್ಲಿಸಿದ ಹೆಂಗಸರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅವರ ಮೇಲೆ ನನಗೆ ಅಪಾರ ಗೌರವ.

ಅಜ್ಜಿಯನ್ನು ಒತ್ತಾಯಿಸಬೇಡಿ. ಗಲಭೆಯಿಂದ ಶುರು ಮಾಡಲೂಬೇಡಿ. ತೋಟದ ಹೆಸರು, ಕೂಲಿಗಳ ಸಾಲು ಮನೆಯಾದ ಲೈನ್ ಮನೆ, ಅಲ್ಲಿನ ಚಳಿ, ಮಾರಿಯಮ್ಮನ ಹಬ್ಬ, ಜೊತೆಯ ಹುಡುಗಿಯರು – ಇವುಗಳನ್ನು ಕೇಳಿ. ಅಲ್ಲಿನ ತಲೈಮನ್ನಾರ್ ಬಂದರಿನಿಂದ ಹೊರಟ ಹಡಗು, ಬಂದವರನ್ನು ಇಳಿಸಿಕೊಳ್ಳುತ್ತಿದ್ದ ರಾಮೇಶ್ವರ ಬಳಿಯ ಮಂಡಪಂ ಶಿಬಿರದ ಮಾತು ಅವರಾಗಿಯೇ ತೆಗೆದ ದಿನ ಸುಮ್ಮನೆ ಕೇಳಿಸಿಕೊಳ್ಳಿ. ಒಪ್ಪಿದರೆ ಮೊಬೈಲಿನಲ್ಲಿ ಧ್ವನಿ ಮುದ್ರಿಸಿ. ಟ್ರಂಕಿನಲ್ಲಿ ಆ ಕಾಲದ ಪಾಸ್‌ಪೋರ್ಟ್, ಹೀಗೆ ಬಂದ ಕುಟುಂಬಗಳಿಗೆ ಕೊಡುತ್ತಿದ್ದ ಫ್ಯಾಮಿಲಿ ಕಾರ್ಡ್ ಇದ್ದರೆ ಈ ವಾರವೇ ಪ್ರತಿ ಮಾಡಿಸಿಡಿ. ನಮ್ಮ ಮಳೆಗಾಲಕ್ಕೆ ಹಳೆಯ ಕಾಗದ ಬಾಳುವುದಿಲ್ಲ.